ಚಿಗವ್ವ ಮೂಸಿದ ಗೋಧಿ

ನಮ್ಮ ಚಿಗವ್ವನಿಗೆ ಮನುಷ್ಯರ ಮೇಲೆ ಪೂರ್ತಿ ನಂಬಿಕೆ. ಗೋಧಿಯ ಮೇಲೆ ಮಾತ್ರ ಎಳ್ಳಷ್ಟೂ ಇಲ್ಲ! ಚಿಗವ್ವ ಎಂದರೆ ನನ್ನ ತಾಯಿಯ ತಂಗಿ, ಸವಡಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವವಳು. ಯಾರ ಮನೆಗೇ ಹೋಗಲಿ, ಕೊಟ್ಟ ನೀರು ಕುಡಿಯುವ ಮೊದಲೇ ಗೋಧಿ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಕಾಳು ತೆಗೆದು ಮೂಸುತ್ತಾಳೆ. ಮೇಲಿನ ಕಾಳು ನೋಡಬಾರದಂತೆ. ಅವು ಇರುವುದೇ ಮಂದಿಗೆ ತೋರಿಸಲಿಕ್ಕಂತೆ!

ಅವಳ ಮಗಳಿಗೆ ನರಗುಂದದಿಂದ ಒಂದು ಸಂಬಂಧ ಬಂದಿತ್ತು. ಮನೆ ನೋಡಲು ಹೋದೆವು. ನಾವೆಲ್ಲ ಹುಡುಗನನ್ನು ನೋಡುತ್ತ ಕೂತಿದ್ದರೆ ಇವಳು ಅಡುಗೆಮನೆ ಸೇರಿದ್ದಳು. ಹೊರಗೆ ಬಂದವಳೇ ಗೋಧಿ ಕಾಳಿದ್ದ ಅಂಗೈ ಚಾಚಿದಳು.

"ಹುಡುಗ ಚಲೋ ಅದಾನ್ರಿ. ಆದ್ರ ನಿಮ್ಮ ಗೋದಿ ಬೂಷ್ಟ ಹಿಡದಾವು. ಮೊದಲ ಇವನ್ನ ಹೊರಗ ಹಾಕ್ರಿ, ಆಮ್ಯಾಲೆ ಮಾತು."

ಬೀಗಿತಿಯಾಗಬೇಕಿದ್ದವರ ಮುಖ ಹೇಗಾಗಿರಬೇಡ!

"ಬಿಸಲಿಗೆ ಹಾಕಿದ್ರ ಹೋಗತೈತಿ ಬಿಡ್ರಿ," ಅಂದರು ಅವರು.

"ಬಿಸಲಿಗೆ ಬೂಷ್ಟ ಒಣಗತೈತ್ರಿ, ಅದರ ವಿಷ ಒಣಗೂದಿಲ್ಲ," ಅಂದಳು ಇವಳು.

ಸಂಬಂಧ ಅಲ್ಲಿಗೇ ಮುರಿಯಿತು. ಹುಡುಗ ನಿಜಕ್ಕೂ ಒಳ್ಳೆಯವನು, ನೆನೆದರೆ ಈಗಲೂ ಅಯ್ಯೋ ಅನಿಸುತ್ತದೆ.

ರೋಣದ ಹಿಟ್ಟಿನ ಗಿರಣಿಯವನ ಪಾಡಂತೂ ಕೇಳಲೇಬೇಡಿ. ಅವಳನ್ನು ಕಂಡೊಡನೆ ಕೈಮುಗಿಯುತ್ತಾನೆ. "ಅಕ್ಕಾರ, ನಿಮ್ಮ ಪಾಳಿ ಮೊದಲ ಹಚ್ಚತೀನಿ. ಮಂದಿ ಡಬ್ಬಿ ಮಾತ್ರ ಮೂಸಬ್ಯಾಡ್ರಿ!"

ಇಷ್ಟೆಲ್ಲ ಮೆರೆಯುವ ಚಿಗವ್ವನಿಗೆ ತನ್ನ ಹೊಲದ ಗೋಧಿಯೆಂದರೆ ಭಾರೀ ಜಂಬ. ಅದು ನಮ್ಮ ಅಜ್ಜಿ ಅವಳಿಗೆ ಕೊಟ್ಟ ಜವಾರಿ ಬೀಜ. ಅಜ್ಜಿ ಹೋಗಿ ಬಹಳ ಕಾಲವಾಯಿತು. ತವರಿನವರೂ ಆ ಗೋಧಿ ಬಿಟ್ಟು ಪೇಟೆಯ ಬೀಜಕ್ಕೆ ಹೋದರು. ಇವಳೊಬ್ಬಳೇ ಒಂದು ಪಟ್ಟಿ ಹೊಲದಲ್ಲಿ ಬಿತ್ತಿ, ಬೇವಿನೆಲೆ ಹಾಕಿ ಬೀಜ ಕಾಯ್ದುಕೊಂಡು ಬಂದಿದ್ದಳು.

ಈ ಸಲ ತೆನೆ ಬಲಿಯುವ ಹೊತ್ತಿಗೆ ಮಳೆ ಹಿಡಿದುಬಿಟ್ಟಿತು. ಹಸಿರಾಗಿದ್ದ ತೆನೆ ಬೂಷ್ಟು ಹಿಡಿದು ಅರ್ಧಕ್ಕೇ ಬೆಳ್ಳಗಾದವು. ಕಾಳು ಮುರುಟಿ, ನಸುಗೆಂಪಿಗೆ ತಿರುಗಿದವು ಎಂಬ ಸುದ್ದಿ ಫೋನಿನಲ್ಲಿ ಬಂತು.

ಮೊನ್ನೆ ಚಿಗವ್ವ ಗಜೇಂದ್ರಗಡದ ನಮ್ಮ ಮನೆಗೆ ಬಂದಳು. ಅಡುಗೆಮನೆ ಕಡೆ ತಿರುಗಿಯೂ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಗೋಧಿ ನನ್ನ ಕೈಗೆ ಸುರಿದಳು.

"ನೀ ಒಂಚೂರು ಮೂಸಿ ನೋಡವಾ. ನನಗ ನೆಗಡಿ ಆಗೇತಿ."

ನನಗೆ ನಗು ತಡೆಯಲಿಲ್ಲ. ಊರ ಗೋಧಿಗೆಲ್ಲ ತೀರ್ಪು ಕೊಡುವವಳಿಗೆ ನನ್ನ ಮೂಗು ಬೇಕಾಯಿತೇ! ಆಮೇಲೆ ಅವಳ ಮುಖ ನೋಡಿದೆ. ನೆಗಡಿ ಗಿಗಡಿ ಏನೂ ಇರಲಿಲ್ಲ. ಯಾರಾದರೂ ಒಬ್ಬರು "ಚಲೋ ಅದಾವು" ಅನ್ನಲಿ ಎಂದು ಅಷ್ಟು ದೂರ ಬಂದಿದ್ದಳು. ನನಗೆ ಸಂಕಟವಾಯಿತು. ಮೂಸಿದೆ. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು.

"ಬೀಜಕ್ಕರ ಒಂದೀಟ ಇಟಗೋ, ಚಿಗವ್ವಾ," ಎಂದೆ.

"ಬಿತ್ತಿದ್ರ ಮೊಳಕೀನ ಕೊಳೀತಾವು. ಹುಟ್ಟಿದ್ದೂ ರೋಗ ಹೊತಗೊಂಡ ಹುಟ್ಟತಾವು. ನೀ ವಾಸನಿ ಹ್ಯಾಂಗೈತಿ ಅದನ್ನಷ್ಟ ಹೇಳು."

ಸುಳ್ಳು ಹೇಳಬೇಕೆನಿಸಿತು. ಅವಳೆದುರು ಗೋಧಿಯ ವಿಷಯದಲ್ಲಿ ಸುಳ್ಳು ಹೇಗೆ ಹೇಳುವುದು?

"ಕೆಟ್ಟಾವು, ಚಿಗವ್ವಾ."

"ನಮ್ಮವ್ವಂದು ಅಂತ ಇದೊಂದ ಉಳದಿತ್ತು," ಅಂದಳು.

ಕಾಳು ಚೆಲ್ಲಲೆಂದು ಹಿತ್ತಲಿಗೆ ಹೊರಟೆ. ಓಡಿ ಬಂದು ಕೈ ಹಿಡಿದಳು.

"ಅಲ್ಲೆ ಚೆಲ್ಲಬ್ಯಾಡವಾ. ಗುಬ್ಬಿ ತಿಂತಾವು."

ಒಂದೂ ಕಾಳು ಬಿಡದೆ ವಾಪಸು ಸೆರಗಿಗೆ ಕಟ್ಟಿಕೊಂಡಳು.