ಬೀಗದಕೈ ಗೊಂಚಲು ಹಿಡಿದು ಮೋಕ್ಷಕ್ಕೆ ಓಟ

ಮೋಕ್ಷಕ್ಕಾಗಿ ಕೂತವರಿದ್ದಾರೆ, ಮಲಗಿದವರಿದ್ದಾರೆ, ಒಂಟಿ ಕಾಲಲ್ಲಿ ನಿಂತು ಹೆಸರು ಮಾಡಿದವರೂ ಇದ್ದಾರೆ. ಓಡಿದವರು ಮಾತ್ರ ಇಲ್ಲ. ಮನುಕುಲದ ಈ ಕೊರತೆಯನ್ನು ನಾನು ತುಂಬಿಕೊಡುತ್ತೇನೆಂದು ಒಂದು ಬೆಳಗ್ಗೆ ಹಾಸಿಗೆಯಲ್ಲಿ ಹೊದಿಕೆಯೊಳಗಿನಿಂದಲೇ ಘೋಷಿಸಿದೆ!

"ಇನ್ಮೇಲೆ ದಿನಾ ಓಡ್ತೀನಿ ಕಣೇ. ಓಡ್ತಾ ಓಡ್ತಾನೇ ಧ್ಯಾನ. ದೇಹಕ್ಕೆ ದೇಹ, ಆತ್ಮಕ್ಕೆ ಆತ್ಮ. ಒಂದೇ ಕಲ್ಲಿಗೆ ಎರಡು ಹಕ್ಕಿ!"

"ಮೊದಲು ಏಳಿ. ಹೊದಿಕೆ ಒಗೀಬೇಕು," ಎಂದಳು ಹೆಂಡತಿ.

ತಪ್ಪು ಪೂರ್ತಿ ನನ್ನದಲ್ಲ ಸ್ವಾಮಿ. ನಾನು ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ಪಕ್ಕದ ಮೇಜಿನವನೊಬ್ಬನಿದ್ದಾನೆ. ನಾವೆಲ್ಲ ಅವನಿಗೆ ಇಟ್ಟಿರುವ ಹೆಸರು ಮ್ಯಾರಥಾನ್ ಮಹರ್ಷಿ. ಮೊದಲು ಬರೀ ಓಡುತ್ತಿದ್ದ. ಆಗ ಮಂಡಿ ನೋವಿನ ಬಗ್ಗೆ ಮಾತ್ರ ಕೊರೆಯುತ್ತಿದ್ದ, ಹೇಗೋ ತಡೆದುಕೊಳ್ಳಬಹುದಿತ್ತು. ಯಾವುದೋ ಶಿಬಿರಕ್ಕೆ ಹೋಗಿ ಬಂದ ಮೇಲೆ ಓಟ ಧ್ಯಾನವಾಯಿತು, ಬೆವರು ಪಾಪ ಪರಿಹಾರವಾಯಿತು, ಮಂಡಿ ನೋವು ಒಳಗಿನ ಗುರುವಾಯಿತು! ಇಷ್ಟೆಲ್ಲ ಓಡುವ ಮಹಾನುಭಾವ ಮೊದಲನೇ ಮಹಡಿಯ ನಮ್ಮ ಕಚೇರಿಗೆ ಲಿಫ್ಟಿನಲ್ಲೇ ಬರುತ್ತಾನೆ. ಯಾಕಯ್ಯಾ ಎಂದರೆ "ಮೆಟ್ಟಿಲಲ್ಲಿ ಅರಿವು ಹರಿಯಲ್ಲ" ಅನ್ನುತ್ತಾನೆ. ಅವನ ಮುಖದ ಮೇಲಿದ್ದ ಆ ಪರಮ ಶಾಂತಿ ನೋಡಿ ನನಗೆ ಹೊಟ್ಟೆ ಉರಿಯಿತು. ನನ್ನ ಆಧ್ಯಾತ್ಮಿಕ ಜೀವನ ಶುರುವಾದದ್ದು ಆ ಉರಿಯಿಂದಲೇ.

ಅವನು ಕಡತಗಳನ್ನು ಪಕ್ಕಕ್ಕೆ ಸರಿಸಿ ನನಗೆ ಉಪದೇಶ ಕೊಟ್ಟ.

"ನೋಡು, ಓಡ್ತಾ ಇದ್ದಂಗೆ ತಲೆಯೊಳಗೆ ಏನೇನೋ ಬರುತ್ತೆ. ಮ್ಯಾನೇಜರ್ ಬರ್ತಾನೆ, ಕರೆಂಟ್ ಬಿಲ್ ಬರುತ್ತೆ, ಹೆಂಡತಿ ಬರ್ತಾಳೆ. ಯಾವುದಕ್ಕೂ ನಿಲ್ಲಬಾರದು. ಬಂತು, ನೋಡಿದೆ, ಹೋಯ್ತು. ಅಷ್ಟೇ!"

"ಹೆಂಡತಿ ಬಂದ್ರೂ ನಿಲ್ಲಬಾರದಾ?"

"ಅದೇ ಕಣಯ್ಯಾ ಕೊನೇ ಪರೀಕ್ಷೆ!"

ಇನ್ನೊಂದು ಗುಟ್ಟನ್ನೂ ಹೇಳಿದ. ಮನಸ್ಸನ್ನು ಕಟ್ಟಿಹಾಕಲು ಒಂದು ನಾದ ಬೇಕಂತೆ. ಅವನಿಗೆ ಅವನ ಉಸಿರೇ ನಾದ. ನಾನೂ ಒಂದೆರಡು ದಿನ ನನ್ನ ಉಸಿರನ್ನೇ ಕೇಳಿಕೊಂಡು ಓಡಿ ನೋಡಿದೆ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಅದು ತೂತು ಬಿದ್ದ ಸೈಕಲ್ ಪಂಪಿನಂತೆ ಕೂಗತೊಡಗಿತು. ಅಂಥ ನಾದದಿಂದ ಮನಸ್ಸಿಗೆ ಶಾಂತಿ ಬರುವುದಿರಲಿ, ಎದುರಿಗೆ ಬಂದವರು ಆಂಬುಲೆನ್ಸ್ ಕರೆಯಲೇ ಎಂದು ಕೇಳಿದರು.

ಇತ್ತ ನನ್ನ ಹೆಂಡತಿಯ ವಿಷಯ ಹೇಳಲೇಬೇಕು. ಅವಳು ದರ್ಜಿ. ವರ್ಷಗಟ್ಟಲೆ ಇನ್ನೊಬ್ಬಾಕೆಯ ಅಂಗಡಿಯಲ್ಲಿ ಬಟ್ಟೆ ಹೊಲಿದು, ಆಕೆಯ ಬಾಯಿಗೆ ಬೇಸತ್ತು, ಈಚೆಗಷ್ಟೇ ನಮ್ಮ ಮನೆಯ ಕೆಳಗೇ ಸ್ವಂತ ಅಂಗಡಿ ತೆರೆದಿದ್ದಳು. ಅಲ್ಲಿಯವರೆಗೆ ಬಂದ ಕೆಲಸವೆಲ್ಲ ಜಿಪ್ಪು ಬದಲಾಯಿಸುವುದು, ಪ್ಯಾಂಟಿನ ಅಂಚು ಮಡಿಸುವುದು, ಕಿಟಕಿಗೆ ಪರದೆ ಹೊಲಿಯುವುದು. ಈಗ ಮೊದಲ ಸಲ ಒಂದು ಮದುವೆ ಉಡುಪು ಬಂದಿತ್ತು. ಬೆನ್ನುದ್ದಕ್ಕೂ ಸಣ್ಣ ಗುಂಡಿಗಳು, ನೆಲ ಗುಡಿಸುವಷ್ಟು ಉದ್ದದ ಅಂಚು, ಮೇಲೊಂದು ಮುಸುಕು. ಅದನ್ನು ಹೊಲಿಯುವಾಗ ಅವಳು ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದಳು.

"ಇದೊಂದು ಚೆನ್ನಾಗಿ ಹೋದ್ರೆ ಅಂಗಡಿ ನಿಲ್ಲುತ್ತೆ ರೀ," ಎಂದಿದ್ದಳು. "ಎಡವಟ್ಟಾದ್ರೆ ಮತ್ತೆ ಆ ಯಮ್ಮನ ಹತ್ರ ಹೋಗಿ ಗುಂಡಿ ಹಚ್ಚಬೇಕು. ಅದಕ್ಕಿಂತ ಸಾಯೋದು ಮೇಲು."

ನಾನು ಗಂಭೀರವಾಗಿ ತಲೆದೂಗಿದೆ. ಫಲದ ಆಸೆ ಬಿಟ್ಟು ಹೊಲಿ ಎಂದು ಸಲಹೆಯನ್ನೂ ಕೊಟ್ಟೆ. ಅವಳು ಕತ್ತರಿ ಎತ್ತಿಕೊಂಡದ್ದು ಬಟ್ಟೆ ಕತ್ತರಿಸಲಿಕ್ಕೇ ಇರಬೇಕು, ಆದರೂ ನಾನು ಹೊರಗೆ ಹೋದೆ.

ಮದುವೆಯ ದಿನ ಬಂತು. ಮುಹೂರ್ತ ಹನ್ನೊಂದಕ್ಕೆ. ಉಡುಪು ಸಿದ್ಧವಾಗಿ ಕೆಳಗೆ ಅಂಗಡಿಯಲ್ಲಿ ನೇತಾಡುತ್ತಿತ್ತು. ಮುಸುಕಿನ ಅಂಚಿನ ಕೆಲಸ ಮಾತ್ರ ಸ್ವಲ್ಪ ಬಾಕಿ. ಅವಳು ಏಳುವ ಮೊದಲೇ ನಾನೆದ್ದು ಚಡ್ಡಿ ಏರಿಸಿ ಬಾಗಿಲ ಹತ್ತಿರ ಬಂದೆ. ಅಲ್ಲಿ ಮೊಳೆಯಲ್ಲಿ ಅಂಗಡಿಯ ಬೀಗದಕೈ ಗೊಂಚಲು ತೂಗುತ್ತಿತ್ತು. ತೋಳು ತಾಗಿ ಅದು 'ಝಣ್' ಎಂದಿತು. ಆಹಾ! ಎಂಥ ನಾದ! ಪರೀಕ್ಷೆಗೆಂದು ಇನ್ನೊಮ್ಮೆ ಕುಣಿಸಿ ನೋಡಿದೆ. ಝಣ್, ಝಣ್! ಮಹರ್ಷಿಯ ಉಸಿರು ಇದರ ಮುಂದೆ ಏನು? ಬೇಗ ಬಂದುಬಿಡುತ್ತೇನಲ್ಲ ಎಂದುಕೊಂಡು ಗೊಂಚಲನ್ನು ಜೇಬಿಗೆ ಇಳಿಸಿ ಹೊರಟೇಬಿಟ್ಟೆ.

ಇನ್ನೊಂದು ಬೀಗದಕೈ ಇರಲಿಲ್ಲವೇ ಎಂದು ಜಾಣರು ಕೇಳಬಹುದು. ಇತ್ತು! ಕಳೆದುಹೋಗಬಾರದೆಂದು ನಾನೇ ಮುತುವರ್ಜಿಯಿಂದ ಅದನ್ನೂ ಅದೇ ಗೊಂಚಲಿಗೆ ಸೇರಿಸಿಟ್ಟಿದ್ದೆ. ಅಂದಹಾಗೆ ವಿಮಾ ಕಚೇರಿಯಲ್ಲಿ ನನ್ನ ಕೆಲಸ, ಜನರು ಅಜಾಗರೂಕತೆಯಿಂದ ಸಾಮಾನು ಕಳೆದುಕೊಂಡರೋ ಇಲ್ಲವೋ ಎಂದು ತೀರ್ಮಾನಿಸುವುದು.

ಮೊದಲ ಬೀದಿಯಲ್ಲಿ ಕಾಲು ಮುಂದಕ್ಕೆ, ಮನಸ್ಸು ಹಾಸಿಗೆಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬಸ್ ಡಿಪೋ ದಾಟುವಾಗ ಜೇಬಿನ ಝಣತ್ಕಾರ ಕೆಲಸ ಮಾಡತೊಡಗಿತು. ಮ್ಯಾನೇಜರ್ ಬಂದ, ಹೋದ. ಕರೆಂಟ್ ಬಿಲ್ ಬಂತು, ಹೋಯಿತು. ಇಸ್ತ್ರಿ ಅಂಗಡಿಯವನು ಕೈಯೆತ್ತಿದ; ಅವನೂ ಬಂದ, ಹೋದ. ಕಾಲುವೆ ದಂಡೆಗೆ ಬರುವಷ್ಟರಲ್ಲಿ ನಾನು ನಾನಾಗಿರಲಿಲ್ಲ. ಆಗ ಹಿಂದಿನಿಂದ ಒಂದು ದನಿ ಕೇಳಿಸಿತು.

"ರೀ!"

ಬಂತು ಕೊನೇ ಪರೀಕ್ಷೆ, ಎಂದುಕೊಂಡೆ. ಮೈ ಜುಮ್ಮೆಂದಿತು. ಇಷ್ಟು ಬೇಗ ಇಲ್ಲಿಗೆ ತಲುಪುತ್ತೇನೆಂದು ನನಗೇ ನಂಬಿಕೆ ಇರಲಿಲ್ಲ.

"ರೀ, ನಿಲ್ರೀ! ಬೀಗದಕೈ ರೀ, ಬೀಗದಕೈ!"

ಆಹಾ, ಒಳಮನಸ್ಸು ಎಂಥ ಮಾತಾಡುತ್ತಿದೆ! ಬೀಗದಕೈ! ಮೋಕ್ಷದ ಬಾಗಿಲಿನದೇ ಇರಬೇಕು. ನಾನು ವೇಗ ಹೆಚ್ಚಿಸಿದೆ.

"ನಿಮ್ಮ ಕಿವಿಗೇನು ಬಡಿದಿದೆ? ಅಯ್ಯೋ ಮಂಗಾ!"

ಮನಸ್ಸು ಮಂಗನಿದ್ದಂತೆ ಎಂದು ಹಿರಿಯರು ಹೇಳಿಲ್ಲವೇ? ಅದೇ ತನ್ನನ್ನು ತಾನು ಗುರುತಿಸಿಕೊಂಡಿತಲ್ಲ! ಕಣ್ಣಂಚಿನಲ್ಲಿ ಆನಂದಬಾಷ್ಪ ಬಂತು. ದನಿ ಹಿಂದೆ ಹಿಂದೆ ಉಳಿಯಿತು, ಕೊನೆಗೆ ಕ್ಷೀಣವಾಗಿ ನಿಂತೇಹೋಯಿತು. ಸಂಸಾರವನ್ನು ಗೆದ್ದೆ ಎಂದು ಎರಡು ಸುತ್ತು ಹೆಚ್ಚಿಗೇ ಓಡಿದೆ.

ಮುಖದ ಮೇಲೆ ಪರಮ ಶಾಂತಿ ಇಟ್ಟುಕೊಂಡು ಮನೆಗೆ ಬಂದಾಗ ಹತ್ತು ದಾಟಿತ್ತು. ಅಂಗಡಿಯ ಶಟರ್ ಮುಂದೆ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಉಂಗುಷ್ಠ ಕಿತ್ತ ಚಪ್ಪಲಿ. ಪಕ್ಕದಲ್ಲಿ ಮದುಮಗಳ ತಾಯಿ, ಅಳುವುದೋ ಬೈಯುವುದೋ ಗೊತ್ತಾಗದೆ ಎರಡನ್ನೂ ಮಾಡುತ್ತಿದ್ದರು.

"ಬನ್ನಿ ಗುರುಗಳೇ," ಎಂದಳು ಹೆಂಡತಿ. ಅವಳು ನನ್ನನ್ನು ಇಷ್ಟು ತಣ್ಣಗೆ ಎಂದೂ ಕರೆದಿರಲಿಲ್ಲ.

"ಕೂಗಿದ್ದು... ನೀನೇನಾ?"

"ಇಲ್ಲ, ನಿಮ್ಮ ಕುಂಡಲಿನಿ. ತಗೀರಿ ಬೀಗ!"

ನಾನು ಇಂಗು ತಿಂದ ಮಂಗನಂತೆ ನಿಂತೆ. ಜೇಬಿನಿಂದ ಗೊಂಚಲು ತೆಗೆಯುವಾಗ ಅದು ಝಣ್ ಎಂದಿತು. ಮದುಮಗಳ ತಾಯಿ ನನ್ನನ್ನು ನೋಡಿದ ನೋಟಕ್ಕೆ ನಾದ ಇರಲಿಲ್ಲ, ಇದ್ದಿದ್ದರೆ ಶಟರ್ ತಾನೇ ಮೇಲೇಳುತ್ತಿತ್ತು.

ಒಳಗೆ ಹೋದದ್ದೇ ಅವಳು ಮುಸುಕು ಹಿಡಿದು ಸೂಜಿಗೆ ದಾರ ಪೋಣಿಸಿದಳು. ಮದುವೆ ಹಾಲ್ ಇರುವುದು ನಮ್ಮ ಬೀದಿಯ ಆಚೆ ತುದಿಯಲ್ಲಿ. ನಡುವೆ ನೀರಿನ ಪೈಪು ಹಾಕಲು ರಸ್ತೆ ಅಗೆದು ಗುಡ್ಡೆ ಹಾಕಿದ್ದಾರೆ, ಸೈಕಲ್ ಕೂಡ ಹೋಗುವಂತಿಲ್ಲ. ತಾಯಿಗೆ ಮಂಡಿ ನೋವು. ಹೆಂಡತಿಯ ಕಣ್ಣು ನನ್ನ ಚಡ್ಡಿಯ ಮೇಲೆ ಬಿತ್ತು.

"ಓಡೋಕೆ ಬರುತ್ತಲ್ಲ? ಉಡುಪು ತಗೊಂಡು ಓಡಿ! ಬಾಗಿಲ ಹಿಂದಿರೋ ಕವರ್ ಅಲ್ಲ, ಕನ್ನಡಿ ಪಕ್ಕದ್ದು. ಯಾರು ಕರೆದ್ರೂ ನಿಲ್ಲಬೇಡಿ. ಸೀದಾ ಮದುಮಗಳ ಕೋಣೆಗೆ ಹೋಗಿ ಕೊಡಿ. ಮುಸುಕು ಮುಗಿಸ್ಕೊಂಡು ನಾನು ಹಿಂದೇನೇ ಬರ್ತೀನಿ. ಕೇಳಿಸ್ತಾ?"

"ಕೇಳಿಸ್ತು!"

ಸುಳ್ಳಲ್ಲ, ಒಂದೊಂದು ಅಕ್ಷರವೂ ಕೇಳಿಸಿತು. ಆದರೆ ಬೆಳಗ್ಗೆಯಿಂದ ಅಭ್ಯಾಸವಾಗಿಬಿಟ್ಟಿತ್ತು ನೋಡಿ. ಮಾತು ಬಂತು, ನೋಡಿದೆ, ಹೋಯಿತು. ಕೈಗೆ ಹತ್ತಿರವಿದ್ದ ಕವರನ್ನು ಕಿತ್ತುಕೊಂಡು ಬೀದಿಗೆ ಹಾರಿದೆ.

ನನ್ನ ಕಾಲುಗಳು ಆಗಲೇ ಮುಷ್ಕರ ಹೂಡಿದ್ದವು. ಕವರ್ ನೆಲಕ್ಕೆ ತಾಗಬಾರದೆಂದು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದಿದ್ದೆ. ಒಂದು ಕಡೆ ಕಂದಕ, ಇನ್ನೊಂದು ಕಡೆ ಕೆಸರು, ಮಧ್ಯೆ ಅಂಗೈ ಅಗಲದ ಹಲಗೆ. "ಏಯ್, ಬೀಳ್ತೀಯ ಕಣೋ!" ಎಂದು ಪೈಪಿನ ಕೆಲಸದವರು ಬೊಬ್ಬೆ ಹಾಕಿದರು. ಬಿದ್ದರೆ ಉಡುಪು ಹೋಯಿತು, ಉಡುಪು ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ನಾನು ಹೋದೆ. ಹಲಗೆ, ಹೆಜ್ಜೆ. ಹಲಗೆ, ಹೆಜ್ಜೆ. ಮ್ಯಾನೇಜರ್ ಇಲ್ಲ, ಬಿಲ್ ಇಲ್ಲ, ಮಹರ್ಷಿಯಂತೂ ಇಲ್ಲವೇ ಇಲ್ಲ. ನಿಜ ಹೇಳುತ್ತೇನೆ, ನನ್ನ ಜನ್ಮದಲ್ಲಿ ಮೊದಲ ಬಾರಿಗೆ ತಲೆ ಪೂರ್ತಿ ಖಾಲಿಯಾಗಿತ್ತು!

ಆಗ ಹಿಂದಿನಿಂದ ಮತ್ತೆ ಅದೇ ದನಿ.

"ಅದಲ್ರೀ! ಅದಲ್ಲಾ!"

ಯಾರು ಕರೆದರೂ ನಿಲ್ಲಬೇಡಿ ಎಂದವಳು ಅವಳೇ. ಅಲ್ಲದೆ ಎಂಥ ಮಾತು! ಅದಲ್ಲ, ಅದಲ್ಲ! ದೊಡ್ಡ ದೊಡ್ಡ ಜ್ಞಾನಿಗಳು ಹೇಳಿದ್ದೂ ಇದನ್ನೇ ತಾನೆ, ಸತ್ಯ ಅದಲ್ಲ, ಇದಲ್ಲ ಎಂದು? ಸೂಜಿ ದಾರ ಹಿಡಿದುಕೊಂಡೇ ನನ್ನವಳು ಆ ಮಟ್ಟ ಮುಟ್ಟಿಬಿಟ್ಟಳೇ ಎಂದು ಹೆಮ್ಮೆಪಡುತ್ತಾ ಕೊನೆಯ ಕಂದಕವನ್ನು ಹಾರಿದೆ.

ಮದುಮಗಳ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋದೆ. ಹುಡುಗಿ ತಲೆಗೂದಲು ಸಿಂಗರಿಸಿಕೊಂಡು, ಮಾಸಲು ಅಂಗಿಯಲ್ಲಿ ಕನ್ನಡಿ ಮುಂದೆ ಕೂತಿದ್ದಳು. "ತಗೋ ತಾಯಿ," ಎಂದು ಕವರನ್ನು ಅವಳ ತೊಡೆಯ ಮೇಲೆ ಇಟ್ಟು ಗೋಡೆಗೆ ಒರಗಿದೆ. ಅವಳು ಅವಸರದಿಂದ ಜಿಪ್ಪು ಎಳೆದಳು. ಒಳಗಿನಿಂದ ಹೊರಬಂದದ್ದು ಹಸಿರು ಬಣ್ಣದ ಪರದೆ! ದಂತವೈದ್ಯರ ಕ್ಲಿನಿಕ್ಕಿನದು. ಮೇಲಂಚಿನಲ್ಲಿ ಸಾಲಾಗಿ ಉಕ್ಕಿನ ಬಳೆಗಳು.

ಏನಾದರೂ ಹೇಳಬೇಕಲ್ಲ ಎಂದು, "ಸ್ವಲ್ಪ ಸಡಿಲ ಆಗಬಹುದು," ಎಂದೆ.

ಹುಡುಗಿ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಇವಳ ಮದುವೆ, ನನ್ನವಳ ಅಂಗಡಿ, ಎರಡನ್ನೂ ಒಂದೇ ಕವರಿನಲ್ಲಿ ಹೂತುಬಂದೆನಲ್ಲ ಎಂದು ನಿಜಕ್ಕೂ ಅಳು ಬಂತು. ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಬರಿಗಾಲು, ಮಂಡಿಯವರೆಗೆ ಕೆಸರು, ಬಾಯಲ್ಲಿ ಸೂಜಿ, ಹೆಗಲ ಮೇಲೆ ಮದುವೆ ಉಡುಪಿನ ಕವರ್, ಕುತ್ತಿಗೆಗೆ ಮುಸುಕು. ನನ್ನ ಹೆಂಡತಿ! ಹಿಂದೆಯೇ ಕುಂಟುತ್ತಾ ಮದುಮಗಳ ತಾಯಿ.

ಮುಂದಿನದೆಲ್ಲ ಕಣ್ಣು ಮಿಟುಕಿಸುವುದರಲ್ಲಿ ಆಯಿತು. ನನ್ನನ್ನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದರು. ಬಟ್ಟೆಯ ಸರಪರ, ಗುಂಡಿಗಳ ಟಿಕ್ ಟಿಕ್. "ತಿರುಗಿ" ಎಂದಾಗ ತಿರುಗಿದೆ. ಉಡುಪು ಆ ಹುಡುಗಿಯ ಮೈಮೇಲೆ ಹುಟ್ಟಿದಂತೆ ಕೂತಿತ್ತು. ತಾಯಿ ಬೈಯುವುದನ್ನು ಪೂರ್ತಿ ಬಿಟ್ಟು ಅಳುವುದನ್ನು ಮಾತ್ರ ಇಟ್ಟುಕೊಂಡಿದ್ದರು. ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ. ಹೆಂಡತಿ ನೆಲದ ಮೇಲೆ ಕೂತು, ಹುಡುಗಿಯ ತಲೆಯಿಂದ ಇಳಿಬಿಟ್ಟ ಮುಸುಕಿನ ಅಂಚಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದಳು.

ಅಪಾಯ ದಾಟಿತಲ್ಲ, ನನಗೆ ಮತ್ತೆ ಬಾಯಿ ಬಂತು. "ಏನೇ ಆಗಲಿ ಕಣೇ, ಆ ಹಲಗೆ ಮೇಲೆ ಓಡ್ತಾ ನನ್ನ ತಲೆಯಲ್ಲಿ ಒಂದೇ ಒಂದು ಯೋಚನೆ ಇರಲಿಲ್ಲ!"

"ಪರದೆ ನೋಡಿದಾಗಲೇ ಗೊತ್ತಾಯ್ತು," ಎಂದಳು, ತಲೆಯೆತ್ತದೆ.

ಮದುಮಗಳು ಕನ್ನಡಿಯಲ್ಲೇ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು: "ಅಕ್ಕಾ, ನೀವು ಅಷ್ಟು ದೂರದಿಂದ ಕೂಗ್ತಾ ಬರ್ತಿದ್ದಿದ್ದು ನನಗೇ ಇಲ್ಲಿಗೆ ಕೇಳಿಸ್ತಿತ್ತು. ಪಾಪ, ಇವರಿಗೆ ಕಿವಿ ಕೇಳಿಸಲ್ವಾ?"

"ಕಿವಿ ಚೆನ್ನಾಗೇ ಇದೆ ಕಣಮ್ಮಾ," ಹೆಂಡತಿ ಹಲ್ಲಿನಲ್ಲಿ ದಾರ ಕಡಿದಳು. "ಮದುವೆಯಾದ ದಿನದಿಂದ್ಲೂ ನಾನು ಕರೆದಾಗೆಲ್ಲ ಹೀಗೇ. ಇಷ್ಟು ವರ್ಷ ಸೋಮಾರಿತನ ಅಂದ್ಕೊಂಡಿದ್ದೆ. ಧ್ಯಾನ ಅಂತ ಇವತ್ತು ಗೊತ್ತಾಯ್ತು."

ಮದುಮಗಳ ಮುಖದ ಬಣ್ಣ ಇಳಿಯಿತು. ಮುಸುಕನ್ನು ಅರ್ಧ ಸರಿಸಿ ತಾಯಿಯ ಕಡೆ ತಿರುಗಿದಳು.

"ಅಮ್ಮಾ, ಹುಡುಗ ಕುಡೀತಾನಾ, ಇಸ್ಪೀಟು ಆಡ್ತಾನಾ ಅಂತೆಲ್ಲ ನಾಲ್ಕು ಕಡೆ ವಿಚಾರಿಸಿದ್ರಲ್ಲ... ಬೆಳಗ್ಗೆ ಎದ್ದು ಓಡ್ತಾನಾ ಅಂತ ಯಾರನ್ನಾದ್ರೂ ಕೇಳಿದ್ರಾ?"