ತಾಳ ತಪ್ಪಿದ ಎದೆಗಳು, ಕುಡಿಯದ ಜನಗಳು

ಹೊನ್ನಾವರದ ಒಂದು ಹೃದಯದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಯುವುದು ನನ್ನ ಕೆಲಸ. ಹಬ್ಬ, ಮದುವೆ, ಸಾಲು ರಜೆ ಮುಗಿದ ಮರುದಿನ ನಮ್ಮಲ್ಲಿ ಕುರ್ಚಿ ಸಾಲುವುದಿಲ್ಲ. ಭಟ್ಕಳದಿಂದ ಕುಮಟಾದವರೆಗಿನ ಎದೆಗಳೆಲ್ಲ ಒಟ್ಟಿಗೇ ತಾಳ ತಪ್ಪಿರುತ್ತವೆ. ವಿಚಿತ್ರವೆಂದರೆ, ಕೇಳಿದರೆ ಬಂದವರಲ್ಲಿ ಒಬ್ಬರೂ ಕುಡಿದಿರುವುದಿಲ್ಲ. ಹಾಗಾದರೆ ಹಬ್ಬ, ಮದುವೆಯ ಅಷ್ಟೂ ಬಾಟಲಿ ಖಾಲಿ ಮಾಡುವವರು ಯಾರು ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ.

೧. ಕೆಟ್ಟ ಗಡಿಯಾರ

ಕುಮಟಾದ ಒಬ್ಬ ನಿವೃತ್ತ ಅಧಿಕಾರಿ ಕೈಯಲ್ಲಿ ಸ್ಮಾರ್ಟ್ ವಾಚ್ ಕಟ್ಟಿಕೊಂಡು ಬಂದರು. ರೆಡ್ ವೈನ್ ಹೃದಯಕ್ಕೆ ಒಳ್ಳೆಯದೆಂದು ವಾಟ್ಸಾಪಿನಲ್ಲಿ ಓದಿದ ಮೇಲೆ ಅವರು ಹೃದಯದ ಆರೋಗ್ಯವನ್ನು ಬಹಳ ಶ್ರದ್ಧೆಯಿಂದ ನೋಡಿಕೊಳ್ಳುತ್ತಿದ್ದರು. ಶನಿವಾರಗಳಂದು ಶ್ರದ್ಧೆ ಸ್ವಲ್ಪ ಹೆಚ್ಚು.

"ಭಾನುವಾರ ಬೆಳಿಗ್ಗೆ ಎದೆಬಡಿತ ಸರಿಯಿಲ್ಲ ಅಂತ ತೋರಿಸ್ತದೆ ಡಾಕ್ಟ್ರೇ. ಈ ವಾಚು ಕೆಟ್ಟಿದೆ."

"ಬೇರೆ ವಾಚಲ್ಲಿ ನೋಡಿದ್ರಾ?"

"ಹೊಸದೇ ತಗೊಂಡೆ. ಅದೂ ಹಾಗೇ ತೋರಿಸ್ತು."

"ಎರಡೆರಡು ವಾಚು ಒಂದೇ ಸುಳ್ಳು ಹೇಳ್ತವಾ?"

ಅವರು ನಮ್ಮ ಡಾಕ್ಟರನ್ನು ಕನಿಕರದಿಂದ ನೋಡಿದರು. "ಎರಡೂ ಒಂದೇ ಕಂಪನಿದು ಡಾಕ್ಟ್ರೇ!"

೨. ಡೀಸೆಲ್ಲು, ನೀರು

ಭಟ್ಕಳದ ಒಬ್ಬ ತಾಂಡೇಲ, ಅಂದರೆ ಬೋಟು ನಡೆಸುವವ. ಮಳೆಗಾಲದಲ್ಲಿ ಬೋಟು ದಡದಲ್ಲಿತ್ತು, ಇವನು ರಮ್ಮಿನಲ್ಲಿ. ಬಲೆ ಹೆಣೆಯುತ್ತ ಕೂತವನಿಗೆ ಎದೆ ಪಟಪಟ ಅಂದು ಕಣ್ಣು ಕತ್ತಲೆ ಬಂತಂತೆ. ಇಸಿಜಿ ತೆಗೆದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. "ಹೃದಯಕ್ಕೂ ಒಂದು ಕರೆಂಟ್ ಇರ್ತದೆ. ಕುಡಿತದಿಂದ ಅದು ಏರುಪೇರಾಗ್ತದೆ. ನಿನ್ನ ಬೋಟಿನ ಎಂಜಿನ್ನು ಮಿಸ್ ಹೊಡೆಯೂದಿಲ್ವಾ, ಹಾಗೆ."

ತಾಂಡೇಲನ ಮುಖ ಅರಳಿತು. "ಹೌದು ಹೌದು! ಡೀಸೆಲ್ಲಿಗೆ ನೀರು ಸೇರಿದ್ರೆ ಹಿಂಗೇ ಆಗೂದು."

"ಈಗ ಅರ್ಥ ಆತಲ್ಲ?"

"ಆತು ಡಾಕ್ಟ್ರೇ. ಇನ್ಮೇಲೆ ನೀರು ಸೇರ್ಸೂದಿಲ್ಲ."

೩. ಡಾಕ್ಟರ ಆಜ್ಞೆ

ಮಾವಳ್ಳಿಯ ತರಕಾರಿ ಬೆಳೆಯುವ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ಆಗಾಗ ತಲೆ ತಿರುಗುವುದು, ಎದೆ ಹಾರುವುದು. "ಕುಡಿತೀರಾ?" ಎಂದರೆ ಹೆಂಡತಿಯ ಮುಖ ನೋಡಿ "ಛೇ, ಛೇ" ಎಂದರು. ಇಸಿಜಿಯೂ ಸರಿಯಾಗಿತ್ತು. ಹಾಗಾಗಿ ಒಂದು ಹಗಲು, ಒಂದು ರಾತ್ರಿ ಎದೆಬಡಿತ ದಾಖಲಿಸುವ ಸಣ್ಣ ಮಿಷಿನ್ನನ್ನು ಅವರ ಎದೆಗೆ ಅಂಟಿಸಿ ಕಳಿಸಿದೆವು. ಡಾಕ್ಟರು ಹೇಳಿದ್ದಿಷ್ಟೇ: "ದಿನಾ ಹೇಗಿರ್ತೀರೋ ಹಾಗೇ ಇರಿ. ಎಂತದೂ ಬದಲಾಯಿಸಬೇಡಿ."

ಅದುವರೆಗೆ ಗದ್ದೆಯ ಪಂಪ್‌ಶೆಡ್ಡಿನಲ್ಲಿ ಕದ್ದು ಕುಡಿಯುತ್ತಿದ್ದ ಮಹಾನುಭಾವರು ಅವತ್ತು ಬಾಟಲಿಯನ್ನು ನೇರ ಮನೆಯ ಜಗಲಿಗೇ ತಂದಿಟ್ಟರು.

"ಎಂತ ಇದು?" ಎಂದು ಹೆಂಡತಿ ಹೌಹಾರಿದರು.

"ಡಾಕ್ಟ್ರು ಹೇಳಿದ್ದು ನೀನೇ ಕೇಳಿದ್ಯಲ್ಲೇ, ಎಂತದೂ ಬದಲಾಯಿಸೂಕಾಗ ಅಂತ. ಇವತ್ತು ಬಿಟ್ರೆ ರಿಪೋರ್ಟ್ ತಪ್ಪು ಬತ್ತದೆ."

ರಿಪೋರ್ಟ್ ಹಾಳಾದೀತೆಂದು ಹೆದರಿ ಆ ತಾಯಿ ಬಂಗಡೆ ಮೀನು ಬೇರೆ ಹುರಿದುಕೊಟ್ಟರು.

ಮರುದಿನ ಡಾಕ್ಟರು ರಿಪೋರ್ಟ್ ತೋರಿಸಿದರು. ಸಂಜೆಯವರೆಗೆ ಬಡಿತ ಒಂದೇ ಸಮ. ಆಮೇಲೆ ಮರಳ ಮೇಲೆ ಏಡಿ ಓಡಾಡಿದ ಹಾಗೆ. "ಹೀಗೇ ಆದರೆ ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಲಕ್ವ ಹೊಡೀತದೆ."

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನಾನೇ ಮೀನು ಹುರಿದು ಕೊಟ್ನಲ್ಲ" ಎಂದು ಅಳತೊಡಗಿದರು. ಲಕ್ವಕ್ಕೆ ಹೆದರದ ಗಂಡ ಆ ಅಳುವಿಗೆ ಹೆದರಿಬಿಟ್ಟರು. "ಅಳಬೇಡ ಮಾರಾಯ್ತಿ. ಬಿಟ್ಟೆ."

ನಿಜವಾಗಿಯೂ ಬಿಟ್ಟರು. ಮಾತ್ರೆಯನ್ನೂ ತಪ್ಪಿಸಲಿಲ್ಲ. ಮುಂದೆ ಅದೇ ಮಿಷಿನ್ನು ಕಟ್ಟಿ ತೆಗೆದ ರಿಪೋರ್ಟ್ ನೋಡಿ ನನಗೇ ಖುಷಿಯಾಯಿತು.

ಆದರೆ ಅವರ ಕೇರಿಯಲ್ಲಿ ಕಥೆಯ ಮೊದಲರ್ಧ ಮಾತ್ರ ಹಬ್ಬಿತ್ತು. ಮೊದಲ ರಿಪೋರ್ಟ್ ಬಂದ ವಾರವೇ ಮೂವರು ಗಂಡಸರು ಒಟ್ಟಿಗೇ ಬಂದು ನನ್ನೆದುರು ನಿಂತರು.

"ಎಂತ ಆಗ್ತದೆ ನಿಮಗೆ?"

"ಎಂತದೂ ಆಗೂದಿಲ್ಲ ಸಿಸ್ಟರ್," ಎಂದ ಒಬ್ಬ, ದನಿ ತಗ್ಗಿಸಿ. "ಎದೆಗೆ ಕಟ್ಕಂಡ್ರೆ ಹೆಂಡ್ತಿ ತಾನಾಗೇ ಮೀನು ಹುರಿದು ಕೊಡೂ ಮಿಷಿನ್ನು ಇಲ್ಲಿ ಸಿಕ್ತದಂತೆ, ಹೌದಾ?"