ಮರ್ಟನ್ ಸಾಹೇಬರ ವೋಟು

ಅಮೆರಿಕದ ಮಾಜಿ ಕಾಂಗ್ರೆಸ್ ಸದಸ್ಯ ವೆಂಡಲ್ ಮರ್ಟನ್ ಅವರನ್ನು ಸಭೆಗೆ ಪರಿಚಯಿಸುವ ಕೆಲಸ ಮಧುಕರನ ತಲೆಗೆ ಬಿದ್ದದ್ದು, ಕೆಲಸ ಹಂಚಿದ ದಿನ ಅವನು ಮೀಟಿಂಗಿಗೆ ಹೋಗದಿದ್ದರಿಂದ. ಕನ್ನಡ ಸಂಘಗಳಲ್ಲಿ ಇದು ಯಾರೂ ಬರೆದಿಡದ ಕಾನೂನು. ಬಂದವರಿಗೆ ಕಾಫಿ, ಬಾರದವರಿಗೆ ಕೆಲಸ.

ಪರಿಚಯಿಸಬೇಕೆಂದರೆ ಆ ಮನುಷ್ಯ ಮಾಡಿದ್ದೇನೆಂದು ತಿಳಿಯಬೇಕಲ್ಲ. ರಾಜ್ಯೋತ್ಸವದ ಬೆಳಿಗ್ಗೆ ಡ್ಯಾನ್‌ವಿಲ್‌ನ ಮನೆಯಲ್ಲಿ ಮಧುಕರ ಲ್ಯಾಪ್‌ಟಾಪ್ ತೆರೆದು ಸಾಹೇಬರ ಜಾತಕವನ್ನೆಲ್ಲ ಜಾಲಾಡಿದ. ಅವರು ಮಂಡಿಸಿದ ಮಸೂದೆಗಳೆಲ್ಲ ಯಾವುದೋ ಪೋಸ್ಟಾಫೀಸಿಗೆ ಯಾರದೋ ಹೆಸರಿಡುವಂಥವು. ಇನ್ನು ವೋಟುಗಳು. ಅಲ್ಲಿನ ಸದನದಲ್ಲಿ ‘ಹೌದು’ ‘ಇಲ್ಲ’ಗಳ ಜೊತೆಗೆ ಬರೀ ‘ಹಾಜರ್’ ಎಂದೂ ಹೇಳಬಹುದಂತೆ. ಬಂದಿದ್ದೇನೆ, ಆದರೆ ನನ್ನನ್ನು ಏನೂ ಕೇಳಬೇಡಿ ಎಂದು ಅರ್ಥ. ತೆರಿಗೆಯ ಮಾತು ಬರಲಿ, ಯುದ್ಧದ ಮಾತು ಬರಲಿ, ವೀಸಾದ ಮಾತು ಬರಲಿ, ಮರ್ಟನ್ ಸಾಹೇಬರು ಹಾಜರ್. ಹಳೆಯ ಫೋಟೋಗಳಲ್ಲಿ ನೋಡಿದರೆ ಎರಡೂ ಪಕ್ಷದವರು ಅವರ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದರು.

ಮಧುಕರನಿಗೆ ರೋಮಾಂಚನವಾಯಿತು. ಆ ದಿನ ಅವನಿಗೆ ಬೇಕಾಗಿದ್ದ ಮಂತ್ರ ಅದೇ. ಸಂಘದ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಒಬ್ಬರು ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಅವನ ಬಾಸು ಅನಂತಪದ್ಮನಾಭ. ಇನ್ನೊಬ್ಬಳು ಅವನ ಹೆಂಡತಿ ನಿಸರ್ಗಾ. ಬಾಸಿನ ಕೈಯಲ್ಲಿ ಅವನ ಪ್ರಮೋಷನ್ ಇತ್ತು. ಹೆಂಡತಿಯ ಕೈಯಲ್ಲಿ ಉಳಿದದ್ದೆಲ್ಲ ಇತ್ತು. ಗುಟ್ಟಾಗಿ ವೋಟು ಹಾಕಿ ಇಬ್ಬರಿಗೂ ಹಲ್ಲು ಕಿರಿಯೋಣವೆಂದರೆ ಅದಕ್ಕೂ ಕಲ್ಲು ಬಿದ್ದಿತ್ತು. ಹೋದ ಸಲದ ಆನ್‌ಲೈನ್ ಚುನಾವಣೆಯಲ್ಲಿ ಸದಸ್ಯರಿಗಿಂತ ವೋಟುಗಳೇ ಹೆಚ್ಚಾಗಿದ್ದರಿಂದ, ಈ ಸಲ ಒಬ್ಬೊಬ್ಬರ ಹೆಸರು ಕೂಗಿ ಎಲ್ಲರೆದುರು ಬಾಯಿಬಿಡಿಸುವುದೆಂದು ತೀರ್ಮಾನವಾಗಿತ್ತು.

ಫ್ರೀವೇ ಹತ್ತುತ್ತಿದ್ದಂತೆ ಹಿಂದಿನ ಸೀಟಿನಿಂದ ಅತ್ತೆ ನಂಜಮ್ಮ ಬಾಯಿ ತೆರೆದರು. ಮಗಳ ಮನೆಗೆಂದು ಮಂಡ್ಯದಿಂದ ಬಂದಿದ್ದವರು.

“ಯಾರೋ ಕಾಂಗ್ರೆಸ್ನೋರು ಬತ್ತಾವ್ರಂತಲ್ಲ ಅಳಿಯಂದ್ರೆ. ಕೈ ಗುರ್ತಿನೋರಾ?”

“ಅಲ್ಲ ಅತ್ತೆ, ಇಲ್ಲಿ ಪಾರ್ಲಿಮೆಂಟಿಗೇ ಕಾಂಗ್ರೆಸ್ ಅಂತಾರೆ.”

“ಏನಾರ ಅನ್ಲಿ. ನೀವು ಮಾತ್ರ ನಮ್ ನಿಸರ್ಗಂಗೇ ಹಾಕ್ಬೇಕು ಕಣ್ರಪ್ಪ.”

“ಹಾಕ್ದೆ ಇನ್ನೇನಮ್ಮ,” ಎಂದಳು ನಿಸರ್ಗಾ, ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಳ್ಳುತ್ತಾ. “ಅಲ್ವೇನ್ರೀ?”

“ಟ್ರಾಫಿಕ್ ಜಾಸ್ತಿ ಇದೆ ಇವತ್ತು,” ಎಂದ ಮಧುಕರ. ರಸ್ತೆ ಖಾಲಿ ಹೊಡೆಯುತ್ತಿತ್ತು.

ಸಭಾಂಗಣದ ಪಾರ್ಕಿಂಗಿನಲ್ಲಿ ಅನಂತಪದ್ಮನಾಭ ರೇಷ್ಮೆ ಜುಬ್ಬಾ ತೊಟ್ಟು ಕಾದಿದ್ದರು.

“ಮಧುಕರ್, ನಿಮ್ಮ ರಿವ್ಯೂ ಬರೀತಾ ಇದ್ದೆ. ಲಾಯಲ್ಟಿ ಅನ್ನೋ ಕಡೆ ಬಂದು ನಿಂತಿದೆ. ಇವತ್ತಿನ ಫಂಕ್ಷನ್ ಮುಗಿಸ್ಕೊಂಡು ಬರೆಯೋಣ ಅಂತ.”

“ಹೌದಾ ಸರ್. ಊಟಕ್ಕೆ ಬಿಸಿಬೇಳೆಬಾತ್ ಅಂತೆ,” ಎಂದು ಮಧುಕರ ಒಳಗೆ ಓಡಿದ.

ಊಟವಾದ ಮೇಲೆ ಒಂದು ನರಪಿಳ್ಳೆಯೂ ಉಳಿಯುವುದಿಲ್ಲವೆಂಬ ಅನುಭವದಿಂದ ಚುನಾವಣೆಯನ್ನು ಮೊದಲೇ ಇಟ್ಟಿದ್ದರು. ಮರ್ಟನ್ ಸಾಹೇಬರು ಮೈಸೂರು ಪೇಟ ಧರಿಸಿ ವೇದಿಕೆಯ ಮೇಲೆ ಕುಳಿತಿದ್ದರು. “ಯಾರ ಮನಸ್ಸನ್ನೂ ನೋಯಿಸದ ಮಹಾನುಭಾವರು” ಎಂದು ಮಧುಕರ ಭಕ್ತಿಯಿಂದ ಪರಿಚಯಿಸಿ ಅವರ ಪಕ್ಕದಲ್ಲೇ ಕೂತ. ಕಾರ್ಯದರ್ಶಿ ಕೇದಾರ ಹೆಸರು ಕೂಗತೊಡಗಿದ. ಒಂದು ವೋಟು ಇತ್ತ, ಒಂದು ವೋಟು ಅತ್ತ. ಗ್ರಹಚಾರ ನೋಡಿ, ಕೊನೆಗೆ ಇಬ್ಬರೂ ಸಮಸಮ ನಿಂತರು. ಉಳಿದವನು ಒಬ್ಬನೇ.

“ಮಧುಕರ್.”

“ಹಾಜರ್.”

“ಕಾಣ್ತಾ ಇದೆ. ವೋಟು ಯಾರಿಗೆ?”

“ಅಷ್ಟೇ. ಹಾಜರ್.”

“ಇದೇನ್ರೀ, ಸ್ಕೂಲಾ?”

ಮಧುಕರ ಗಂಟಲು ಸರಿಮಾಡಿಕೊಂಡು, ಇದು ಅಮೆರಿಕದ ಸದನದ ಪದ್ಧತಿಯೆಂದೂ, ವೇದಿಕೆಯ ಮೇಲಿರುವ ಮಹನೀಯ ಮರ್ಟನ್ ಅವರೇ ಇದಕ್ಕೆ ಮೇಲ್ಪಂಕ್ತಿಯೆಂದೂ ವಿವರಿಸಿದ. ತಮ್ಮ ಹೆಸರು ಕೇಳಿದ ಮರ್ಟನ್ ಸಾಹೇಬರು ನಕ್ಕು ಕೈ ಬೀಸಿದರು.

“ಅಡ್ಡಗೋಡೆ ಮ್ಯಾಲೆ ದೀಪ ಮಡಗಿಬಿಟ್ನಲ್ಲ ಇವ್ನು,” ಎಂದರು ನಂಜಮ್ಮ ಮುಂದಿನ ಸಾಲಿನಿಂದ. ಅಳಿಯಂದ್ರು ಒಂದೇ ಏಟಿಗೆ ಇವ್ನು ಆಗಿದ್ದರು.

ಸಭೆಯಲ್ಲಿ ಗದ್ದಲವೆದ್ದಿತು. ಮಧುಕರ ಮಾತ್ರ ಹಗುರಾಗಿ ಕೂತು, ತಾನು ಮಾಡಿದ್ದನ್ನು ಸಾಹೇಬರ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಊದಿದ. ಅವರ ನಗು ಇಳಿಯಿತು.

“ನಾನು ಮಾಜಿ ಹೇಗಾದೆ ಅಂತ ನೀವು ಓದಲಿಲ್ಲವೇ?” ಎಂದರು.

“ಇಲ್ಲ ಸರ್.”

“ಯಾವ ವಿಷಯಕ್ಕೂ ಒಪ್ಪಂದಕ್ಕೆ ಬಾರದ ಎರಡು ಪಕ್ಷಗಳು ನನ್ನನ್ನು ಮನೆಗೆ ಕಳಿಸುವ ವಿಷಯಕ್ಕೆ ಒಂದಾದವು.”

ಮಧುಕರ ನಕ್ಕ. ಇಳಿಸಬೇಕೆಂದರೆ ಮೊದಲು ಕುರ್ಚಿಯ ಮೇಲೆ ಕೂತಿರಬೇಕಲ್ಲ, ತನಗೆ ಯಾವ ಕುರ್ಚಿಯಿದೆ ಎಂದುಕೊಂಡ. ಹಾಗೇ ಕೆಳಗೆ ನೋಡಿದರೆ, ಇಷ್ಟು ದಿನ ಮುಖ ಕೊಟ್ಟು ಮಾತಾಡದ ಬಾಸೂ ಹೆಂಡತಿಯೂ ತಲೆಗೆ ತಲೆ ತಾಗಿಸಿ ಪಿಸುಗುಡುತ್ತಿದ್ದರು.

ಅನಂತಪದ್ಮನಾಭ ಮೈಕು ಹಿಡಿದರು. “ನಾನೂ ನಿಸರ್ಗಾ ಅವರೂ ಹಿಂದೆ ಸರೀತಾ ಇದೀವಿ. ಯಾವ ಕಡೆಗೂ ಸೇರದ ಮಧುಕರ್ ಅವರೇ ಅಧ್ಯಕ್ಷರಾಗಲಿ ಅಂತ ಸೂಚಿಸ್ತೀನಿ. ಹಾಲ್ ಬುಕ್ ಮಾಡೋದು, ಅಡಿಗೆಯವರನ್ನ ಹುಡುಕೋದು, ಕುರ್ಚಿ ಎತ್ತೋದು, ಎಲ್ಲರ ಕೈಲೂ ಬೈಸ್ಕೊಳ್ಳೋದು, ಇದಕ್ಕೆಲ್ಲ ಅವರಿಗೆ ಬೇಕಾದಷ್ಟು ಟೈಮ್ ಇರುತ್ತೆ. ಆಫೀಸಲ್ಲಿ ಈ ವರ್ಷ ಅವರಿಗೆ ಹೊಸ ಜವಾಬ್ದಾರಿ ಏನೂ ಇರಲ್ಲ.”

“ಅನುಮೋದಿಸ್ತೀನಿ,” ಎಂದಳು ನಿಸರ್ಗಾ, ಗಂಡನ ಕಡೆ ನೋಡದೆ. “ಮನೇಲೂ ಇನ್ನು ಏನೂ ಇರಲ್ಲ.”

“ವಿರೋಧ ಇರೋರು ಕೈ ಎತ್ತಬಹುದು,” ಎಂದ ಕೇದಾರ.

ಹುಟ್ಟಿದಾಗಿನಿಂದ ಮೊದಲ ಬಾರಿಗೆ ಮಧುಕರ ತನ್ನ ಅಭಿಪ್ರಾಯವನ್ನು ಖಡಾಖಂಡಿತವಾಗಿ ತಿಳಿಸಲು ಎದ್ದು ನಿಂತ. ಒಂದು ಕೈ ಸಾಲದೆಂದು ಎರಡನ್ನೂ ಎತ್ತರಕ್ಕೆ ಎತ್ತಿದ. ಗೆದ್ದವರು ವೇದಿಕೆಯ ಮೇಲೆ ಹೀಗೆ ಎರಡು ಕೈ ಎತ್ತುವುದನ್ನೇ ನೋಡುತ್ತಾ ಬೆಳೆದ ಜನ ತಾನೆ, ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ಕೇದಾರ ಹಾರ ಹಿಡಿದು ಓಡಿಬಂದ. ಕೈಗಳು ಮೇಲೇ ಇದ್ದುದರಿಂದ ಅದು ಸಲೀಸಾಗಿ ಜಾರಿ ಕೊರಳಿಗೆ ಬಿತ್ತು.